ಬಾಲ ಕತ್ತರಿಸಿದ ಆದೇಶ

“ಇಲ್ಲೇ ಮೂಗು ಮುಚ್ಕೊಂಬಿಡಿ ಮೇಡಂ,” ಅಂದ ಗೋದಾಮಿನ ಹಮಾಲಿ, ಶೀತಲ ಕೋಣೆಯ ಬಾಗಿಲ ಹಿಡಿಗೆ ಕೈ ಹಾಕುತ್ತಾ. “ಒಳಗೆ ಹೋದ್ಮೇಲೆ ಮುಚ್ಕೊಂಡ್ರೆ ಏನೂ ಉಪಯೋಗ ಇಲ್ಲ.”

ಕರವಸ್ತ್ರವನ್ನು ಎರಡು ಮಡಿಕೆ ಮಾಡಿ ಮೂಗಿಗೆ ಹಿಡಿದೆ. ಅದೂ ಸಾಲಲಿಲ್ಲ.

ಬಾಗಿಲು ತೆರೆದಾಗ ಮೊದಲು ತಟ್ಟಿದ್ದು ಚಳಿಯಲ್ಲ, ವಾಸನೆ. ಸಿಹಿ ಸಿಹಿಯಾದ, ಗಂಟಲಿಗೆ ಅಂಟುವ ವಾಸನೆ. ನೆಲದ ಮೇಲೆ ಕೆಂಪು ನೀರು ಹರಿದು, ಅರೆಬರೆ ಹೆಪ್ಪುಗಟ್ಟಿ, ಗುಲಾಬಿ ಬಣ್ಣದ ಮಂಜಿನ ಹಾಳೆಯಾಗಿತ್ತು. ಅದರ ಮೇಲೆ ಕಾಲಿಟ್ಟರೆ ಬೂಟಿನ ಅಡಿ ಪಚಕ್ ಎಂದಿತು.

ಹಮಾಲಿ ಒಂದು ಡಬ್ಬದ ಟೇಪು ಸೀಳಿದ. ಒಳಗಿದ್ದದ್ದು ಕೋಳಿ. ಅಥವಾ ಹಿಂದೆ ಯಾವಾಗಲೋ ಕೋಳಿಯಾಗಿದ್ದದ್ದು. ಕರಗಿ, ಗಟ್ಟಿಯಾಗಿ, ಮತ್ತೆ ಕರಗಿ, ಅಂಚಿಗೆಲ್ಲ ಹಸಿರು ತಿರುಗಿತ್ತು. ಅವನು ಕೈಗವಸಿನ ಬೆರಳಿನಿಂದ ಮುಟ್ಟಿ ಎತ್ತಿದರೆ ನೂಲಿನಂಥ ಲೋಳೆ ಜೊತೆಗೇ ಎದ್ದಿತು.

“ಸ್ಕ್ಯಾನ್ ಮಾಡು,” ಅಂದೆ.

ಈ ಗೋದಾಮಿನಲ್ಲಿ ಡಬ್ಬದ ಮೇಲೆ ದಿನಾಂಕ ಇರುವುದಿಲ್ಲ. ಬರೀ ಕಪ್ಪು ಪಟ್ಟೆಗಳು. ಯಂತ್ರ ಆ ಪಟ್ಟೆ ಓದಿ, ಡೇಟಾಬೇಸನ್ನು ಕೇಳಿ, ಮಾಲನ್ನು ಯಾವ ದಿನದವರೆಗೆ ತಿನ್ನಬಹುದು ಎಂದು ಹೇಳುತ್ತದೆ. ಮಾಲು ಹೊರಗೆ ಹೋಗುವಾಗ ಅದೇ ದಿನಾಂಕವನ್ನು ಲೇಬಲ್ ಮೇಲೆ ಅಚ್ಚು ಹಾಕುತ್ತಾರೆ.

ಸ್ಕ್ಯಾನರ್ ಹಸಿರು ದೀಪ ಮಿನುಗಿಸಿತು. ಮುಂದಿನ ವರ್ಷದವರೆಗೆ ತಿನ್ನಬಹುದಂತೆ.

“ಮಿಷನ್‌ಗೆ ಮೂಗಿಲ್ಲ ನೋಡಿ,” ಅಂದ ಹಮಾಲಿ. “ಅದರ ಪುಣ್ಯ.”

ಇಂಥ ಡಬ್ಬಗಳ ಮಾಂಸ ತಿಂದ ಶಾಲೆಯ ಮಕ್ಕಳು ಒಂದು ವಾರ್ಡಿನ ತುಂಬ ಮಲಗಿದ್ದರು. ದಿನಾಂಕ ತಿದ್ದಿದಳೆಂದು ಇಲ್ಲಿ ಲೇಬಲ್ ಅಂಟಿಸುವ, ಎಲ್ಲರೂ ಲೇಬಲ್ ಅಕ್ಕ ಎಂದು ಕರೆಯುವ ಹೆಂಗಸನ್ನು ನಮ್ಮ ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದೆವು. ಸಂಜೆ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದರೆ ಮುಗಿಯಿತು. ನಮ್ಮ ಮೇಲಧಿಕಾರಿಗೆ ಬೇಕಾಗಿದ್ದದ್ದೂ ಅಷ್ಟೇ.

ಬೆಳಿಗ್ಗೆ ಅವಳು ನನಗೆ ಹೇಳಿದ್ದು ಒಂದೇ ಮಾತು. “ನನ್ನ ಹೆಸರೇ ಬರ್ಕೊಳ್ಳಿ ಮೇಡಂ. ಮಗಳು ಅಕ್ಕನ ಮನೇಲಿದ್ದಾಳೆ, ಚೆನ್ನಾಗಿರ್ತಾಳೆ.” ಒಡಹುಟ್ಟಿದ ಅಕ್ಕ ತಂದಿಟ್ಟು ಹೋಗಿದ್ದ ಊಟದ ಡಬ್ಬಿ ಪಕ್ಕದಲ್ಲೇ ಇತ್ತು. ಮುಚ್ಚಳ ಕೂಡ ತೆಗೆದಿರಲಿಲ್ಲ. ನಮ್ಮ ಕಾನ್‌ಸ್ಟೇಬಲ್ ಅದರ ಮೇಲೆ ಕಣ್ಣಿಟ್ಟುಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದ.

ದುಃಖದಲ್ಲಿ ಊಟ ಸೇರುವುದಿಲ್ಲ ಎಂದುಕೊಂಡೆ. ಸಾಮಾನ್ಯವಾಗಿ ಹಾಗೆಯೇ ಅಲ್ಲವೇ.

“ಅವಳು ತಿದ್ದಿದಾಳೆ ಅನ್ನೋ ಡಬ್ಬಗಳು ಎಲ್ಲಿ?” ಎಂದು ಕೇಳಿದೆ.

ಹಮಾಲಿ ಮೂಲೆಯ ಕಪಾಟು ತೋರಿಸಿದ. ಅಲ್ಲಿನ ಪ್ರತಿ ಡಬ್ಬದ ಮೇಲೂ ನೀಲಿ ಬಳಪದಲ್ಲಿ ಅಡ್ಡಗೆರೆ ಎಳೆದಿತ್ತು.

“ಈ ಗೀಟು ಯಾರು ಹಾಕಿದ್ದು?”

“ಲೇಬಲ್ ಅಕ್ಕಾನೇ. ಬಿಸಾಡೋ ಮಾಲು ಅಂತ ಹಿಂದೇನೇ ಬೇರೆ ಮಾಡಿಟ್ಟಿದ್ರು.”

“ಯಾರ ಕಡೆಯಿಂದಲೂ ಒತ್ತಾಯ ಇಲ್ದೇ?”

“ಅವರಿಗೆ ಯಾರು ಮೇಡಂ ಒತ್ತಾಯ ಮಾಡೋದು? ಟೇಪು ಸೊಟ್ಟಗಾಗಿದ್ರೂ ಬಿಚ್ಚಿ ಮತ್ತೆ ಅಂಟಿಸೋ ಹೆಂಗಸು.”

ಸ್ಕ್ಯಾನರ್ ಹಿಡಿಸಿದೆ. ಕೆಂಪು ದೀಪ. ಅವಧಿ ಮುಗಿದಿದೆ.

ಪಕ್ಕದ್ದು ಹಿಡಿಸಿದೆ. ಕೆಂಪು. ಅದರ ಪಕ್ಕದ್ದೂ ಕೆಂಪು. ಒಂದು ಸಲ ನೋಡಿದ್ದನ್ನು ನಂಬುವವಳಲ್ಲ ನಾನು. ಸ್ಕ್ಯಾನರ್ ಕೆಟ್ಟಿರಬಹುದೆಂದು ಬೇರೆ ತರಿಸಿ ಮತ್ತೆ ಮಾಡಿಸಿದೆ. ಕೆಂಪೇ.

ಕೋಣೆಯ ತುಂಬ ಕೊಳೆತ ಮಾಂಸಕ್ಕೆ ಹಸಿರು ದೀಪ. ಅವಳು ಕೈಯಾಡಿಸಿದ ಡಬ್ಬಗಳು ಮಾತ್ರ ನಿಜ ಹೇಳುತ್ತಿದ್ದವು.

ಅವಳು ತಿದ್ದಿದ್ದು ಹೌದು. ತಪ್ಪನ್ನು ಸರಿಗೆ ತಿದ್ದಿದ್ದಳು.

ಹಾಗಾದರೆ ಸರಿಯನ್ನು ತಪ್ಪಿಗೆ ತಿದ್ದಿದವರು ಯಾರು?

*

ಮ್ಯಾನೇಜರನ ಕೋಣೆಯಲ್ಲಿ ಮಲ್ಲಿಗೆಯ ಸೆಂಟು ಹೊಡೆದಿತ್ತು. ಕೆಳಗಿನ ವಾಸನೆಯ ಮೇಲೆ ಇದನ್ನು ಸುರಿದಿದ್ದರಿಂದ ಎರಡೂ ಸೇರಿ ಇನ್ನಷ್ಟು ವಾಕರಿಕೆ ತರುತ್ತಿದ್ದವು. ಅವನು ಕಾಗದ ಚುಚ್ಚುವ ಪಿನ್ನಿನಿಂದ ಉಗುರಿನ ಕೊಳೆ ತೆಗೆದು ಮೇಜಿನ ಅಂಚಿಗೆ ಒರೆಸುತ್ತಿದ್ದ. ಅದೇ ಕೈಯಿಂದ ಬಿಸ್ಕತ್ತಿನ ತಟ್ಟೆಯನ್ನು ನನ್ನತ್ತ ತಳ್ಳಿದ.

“ತಗೊಳ್ಳಿ ಮೇಡಂ.”

“ಬೇಡ.”

ಅವನು ಲೇಬಲ್ ಅಕ್ಕನಿಗೆ ಭಾವ, ಅವಳ ಅಕ್ಕನ ಗಂಡ. ಅವಳಿಗೆ ಕೆಲಸ ಕೊಡಿಸಿದವನೂ ಅವನೇ, ಪೊಲೀಸರಿಗೆ ಅವಳ ಹೆಸರು ಹೇಳಿದವನೂ ಅವನೇ.

“ನಾದಿನಿ ಅಂತ ಮುಚ್ಚಿಡೋಕಾಗುತ್ತಾ ಹೇಳಿ,” ಅಂದ. “ಮಕ್ಕಳ ಜೀವದ ಪ್ರಶ್ನೆ. ನನ್ನ ಹೆಂಡತಿ ಅತ್ತೂ ಅತ್ತೂ ಸಾಕಾಗಿದಾಳೆ. ಆದ್ರೂ ಬೆಳಿಗ್ಗೆ ತಂಗೀಗೆ ಅಂತ ಅಡುಗೆ ಮಾಡಿ ತಗೊಂಡು ಹೋದ್ಲು. ಕರುಳು ನೋಡಿ.”

“ಇನ್ನೊಂದ್ಸಲ ತೋರಿಸಿ. ದಿನಾಂಕ ಬದಲಾದ ದಿನ ಏನೇನಾಯ್ತು?”

ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಯಾರು ಯಾವಾಗ ಡೇಟಾಬೇಸ್ ಮುಟ್ಟಿದರು ಎಂಬ ದಾಖಲೆ. ಮೊದಲ ಸಾಲು ಅವನದೇ ಹೆಸರಿನದು: ಎಲ್ಲ ಶಾಖೆಗಳ ಸರಕಿಗೆ ಸೇರಿದ ವಾರದ ದೊಡ್ಡ ಅಪ್‌ಡೇಟ್. ಅದರ ಮುಂದೆ ‘ನಿರಾಕರಿಸಲಾಗಿದೆ’. ಕೆಳಗೆ ಲೇಬಲ್ ಅಕ್ಕನ ಹೆಸರು, ಮತ್ತೆ ಅವಳ ಹೆಸರು, ಮತ್ತೆ ಅವಳದೇ. ಪ್ರತಿಯೊಂದರ ಮುಂದೆ ‘ಆಗಿದೆ’.

“ನಾನು ಕಳಿಸಿದ್ದು ಕೊನೇಲಿ ತುಂಡಾಗಿತ್ತು. ಅರ್ಧಂಬರ್ಧ ಆದೇಶ ಅಂತ ಡೇಟಾಬೇಸ್ ವಾಪಸ್ ತಳ್ತು. ಅಂದ್ರೆ ನಾನು ಏನೂ ಮುಟ್ಟಿಲ್ಲ. ಮುಟ್ಟಿದೋರು ಯಾರು? ನೀವೇ ಓದಿ.”

ನಿಜಕ್ಕೂ ಸರಿಯಾಗಿಯೇ ಕಾಣುತ್ತಿತ್ತು. ಎರಡು ದಿನದಿಂದ ನಾನೂ ಇದನ್ನೇ ಓದಿ ತಲೆಯಾಡಿಸಿದ್ದೆ.

“ಹಾಗಾದ್ರೆ ಅವಳು ತಿದ್ದಿದ ಡಬ್ಬ ಮಾತ್ರ ಯಾಕೆ ಅವಧಿ ಮುಗಿದಿದೆ ಅಂತ ಹೇಳ್ತವೆ?”

ಪಿನ್ನು ಉಗುರಿನ ಸಂದಿಯಲ್ಲೇ ನಿಂತಿತು.

“ಅದನ್ನ ಕಂಪ್ಯೂಟರ್‌ನೋರನ್ನ ಕೇಳ್ಬೇಕು,” ಅಂದ.

“ಕೇಳೋಣ. ನೀವೂ ಬನ್ನಿ.”

ಮೆಟ್ಟಿಲಿಳಿಯುವಾಗ ಅವನು ಫೋನು ತೆಗೆದ. “ಒಂದ್ನಿಮಿಷ, ಮನೆಗೆ ಹೇಳ್ಬಿಡ್ತೀನಿ.” ನನ್ನ ಎದುರಿಗೇ, ಮೆತ್ತಗಿನ ಧ್ವನಿಯಲ್ಲಿ ಮಾತಾಡಿದ. “ನಾನೇ. ಬರೋದು ತಡ ಆಗುತ್ತೆ. ಮೇಡಂ ಕಂಪ್ಯೂಟರ್ ರೂಮ್ ನೋಡ್ಬೇಕಂತೆ. ನನಗೆ ಕಾಯ್ಬೇಡ, ಮಗೂಗೆ ಊಟ ಹಾಕ್ಬಿಡು.”

ಫೋನು ಕಸಿದುಕೊಳ್ಳಬೇಕು ಎಂದು ನನಗೆ ಹೊಳೆಯಲಿಲ್ಲ. ಹೆಂಡತಿಗೆ ಊಟದ ವಿಷಯ ಹೇಳುವ ಗಂಡನ ಫೋನನ್ನು ಯಾರು ಕಸಿಯುತ್ತಾರೆ?

*

ಕಂಪ್ಯೂಟರ್ ನೋಡಿಕೊಳ್ಳುವವನನ್ನು ಗೋದಾಮಿನಲ್ಲಿ ಎಲ್ಲರೂ ವೈರಣ್ಣ ಎನ್ನುತ್ತಿದ್ದರು. ಅವನ ಕೋಣೆ ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲ. ಮೇಜಿನ ಮೇಲಿದ್ದ ಚಹಾದ ಲೋಟಗಳಲ್ಲಿ ಬೂಷ್ಟು ಬೆಳೆದು ಟೋಪಿಯಂತೆ ಮೇಲೆದ್ದಿತ್ತು. ಒಂದರಲ್ಲಿ ನೊಣ ಸತ್ತು ತೇಲುತ್ತಿತ್ತು. ವೈರಣ್ಣ ಅದನ್ನು ಬದಿಗೆ ಸರಿಸಿ ನನಗೆ ಜಾಗ ಮಾಡಿಕೊಟ್ಟ.

“ದೊಡ್ಡ ಅಪ್‌ಡೇಟ್ ನಿರಾಕರಿಸಲಾಗಿದೆ ಅಂದ್ರೆ ಏನರ್ಥ?” ಎಂದೆ.

“ಅಂದ್ರೆ... ಪೂರ್ತಿ ಆಗಿಲ್ಲ ಅಂತ.”

“ಪೂರ್ತಿ ಆಗಿಲ್ವಾ, ಏನೂ ಆಗಿಲ್ವಾ?”

ಅವನು ಮ್ಯಾನೇಜರನ ಮುಖ ನೋಡಿದ. ಮ್ಯಾನೇಜರ್ ಗೋಡೆ ನೋಡಿದ.

“ಅವರನ್ನ ನೋಡ್ಬೇಡ ವೈರಣ್ಣ. ನನಗೆ ಹೇಳು. ನನಗೆ ಇದೆಲ್ಲ ಗೊತ್ತಿಲ್ಲ, ಸಣ್ಣ ಮಗೂಗೆ ಹೇಳಿದ ಹಾಗೆ ಹೇಳು.”

ಅವನು ಕುರ್ಚಿಯ ತುದಿಗೆ ಬಂದ. “ಪಾರ್ಸರ್ ಅಂತ ಒಂದಿದೆ ಮೇಡಂ. ಡೇಟಾಬೇಸ್‌ಗೆ ನಾವು ಬರೆದು ಕಳಿಸೋ ಆದೇಶಾನ ಓದಿ ಅರ್ಥ ಮಾಡ್ಕೊಳ್ಳೋ ಭಾಗ. ಸಣ್ಣ ಆದೇಶ ಬಂದ್ರೆ ಅದು ಮೊದಲಿಂದ ಕೊನೇವರೆಗೂ ಓದುತ್ತೆ. ಓದಿದ್ದನ್ನ ಕೊಂಬೆ ರೆಂಬೆ ಇರೋ ಮರದ ಥರ ಮೆಮೊರಿಯಲ್ಲಿ ಕಟ್ಕೊಳ್ಳುತ್ತೆ. ಎಲ್ಲ ನೆಟ್ಟಗಿದ್ರೆ ಮಾತ್ರ ಕೆಲಸ ಶುರು ಮಾಡುತ್ತೆ. ಎಲ್ಲಾದ್ರೂ ಎಡವಟ್ಟಿದ್ರೆ ಒಂದು ಡಬ್ಬಾನೂ ಮುಟ್ಟಲ್ಲ.”

“ದೊಡ್ಡದು ಬಂದ್ರೆ?”

“ಎಲ್ಲಾ ಶಾಖೆಯ ಎಲ್ಲಾ ಡಬ್ಬಕ್ಕೂ ಒಂದೊಂದು ಸಾಲು. ಮರ ಬೆಳೀತಾ ಬೆಳೀತಾ ಮೆಮೊರಿ ತುಂಬಿ, ಮಿಷನ್ನೇ ಮಲಗಿಬಿಡ್ತಿತ್ತು. ಬೆಳಿಗ್ಗೆ ಬಂದ್ರೆ ಲಾರಿಗಳೆಲ್ಲ ನಿಂತಿರೋವು, ನನಗೆ ಬೈಗುಳ. ಅದಕ್ಕೆ ನಾನು ಬದಲಾಯಿಸಿದೆ.” ಅವನ ಧ್ವನಿ ಇಳಿಯಿತು. “ಆದೇಶ ತೀರಾ ದೊಡ್ಡದಾಗಿದ್ರೆ ಪೂರ್ತಿ ಓದೋಕೆ ಕಾಯಲ್ಲ. ಒಂದು ಸಾಲು ಓದುತ್ತೆ, ಮಾಡಿ ಮುಗಿಸುತ್ತೆ, ಮರೆತುಬಿಡುತ್ತೆ. ಆಮೇಲೆ ಮುಂದಿನ ಸಾಲು.”

“ಕೊನೆ ಸಾಲು ತುಂಡಾಗಿದ್ರೆ?”

“ಅಲ್ಲಿಗೆ ಬಂದಾಗ ಗೊತ್ತಾಗುತ್ತೆ. ಆಗ ನಿರಾಕರಿಸಲಾಗಿದೆ ಅಂತ ಬರೆದು ನಿಲ್ಲಿಸುತ್ತೆ.”

“ಅಲ್ಲಿವರೆಗೆ ಮಾಡಿದ್ದು?”

ವೈರಣ್ಣ ಲೋಟದ ನೊಣ ನೋಡುತ್ತಾ ಹೇಳಿದ. “ಮಾಡಿದ್ದು ಮಾಡಿದ ಹಾಗೇ ಇರುತ್ತೆ. ವಾಪಸ್ ತಗೊಳ್ಳೋಕೆ ಏನು ಮಾಡಿದ್ದೆ ಅನ್ನೋದೇ ಅದಕ್ಕೆ ನೆನಪಿರಲ್ಲ. ನೆನಪಿಟ್ಕೊಳ್ಳೋಕೆ ಜಾಗ ಬೇಕು ಅಂತ ಅದನ್ನೂ ನಾನೇ ತೆಗೆದೆ. ದಾಖಲೇಲೂ ಕೊನೇಗೆ ಒಂದೇ ಸಾಲು.”

“ಎರಡು ದಿನದಿಂದ ಇಲ್ಲಿ ಪೊಲೀಸರು ಓಡಾಡ್ತಿದ್ದೀವಿ. ಯಾಕೆ ಬಾಯಿ ಬಿಡಲಿಲ್ಲ?”

“ಯಾರೂ ಕೇಳಲಿಲ್ಲ ಮೇಡಂ.”

ಆ ಮಾತಿಗೆ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಶೀತಲ ಕೋಣೆಯ ಲೋಳೆಗಿಂತ ಇದು ಮೇಲೇನಲ್ಲ. ಆದರೆ ಎರಡು ದಿನ ಕೇಳದೇ ಇದ್ದದ್ದು ನಾನೇ ತಾನೇ.

“ತೋರಿಸು. ನಿಜವಾದ ಡೇಟಾಬೇಸಲ್ಲಿ ಅಲ್ಲ, ನಕಲಿನಲ್ಲಿ.”

ಪರೀಕ್ಷೆಗೆಂದು ಬೇರೆ ಇಟ್ಟಿದ್ದ ಯಂತ್ರದಲ್ಲಿ ಅವನು ಸರಕಿನ ನಕಲು ತೆರೆದ. ಮೊದಲು ಸಣ್ಣ ಆದೇಶ ಬರೆದ: ಕೆಲವು ಡಬ್ಬಗಳ ದಿನಾಂಕವನ್ನು ನೂರು ವರ್ಷ ಹಿಂದಕ್ಕೆ ಹಾಕು. ಕೊನೆಯ ಸಾಲನ್ನು ಅರ್ಧಕ್ಕೆ ಕತ್ತರಿಸಿ ಕಳಿಸಿದ. ನಿರಾಕರಿಸಲಾಗಿದೆ. ಡಬ್ಬಗಳನ್ನು ನೋಡಿದೆವು. ದಿನಾಂಕಗಳು ಇದ್ದಲ್ಲೇ ಇದ್ದವು.

“ನೋಡಿದ್ರಾ!” ಅಂದ ಮ್ಯಾನೇಜರ್. “ನಾನೂ ಇದನ್ನೇ ಹೇಳಿದ್ದು!”

“ಇನ್ನೂ ಮುಗಿದಿಲ್ಲ ಸಾರ್,” ಅಂದ ವೈರಣ್ಣ, ತಲೆ ಎತ್ತದೆ.

ಈ ಸಲ ಎಲ್ಲ ಡಬ್ಬಗಳಿಗೂ ಅದೇ ಆದೇಶ. ದೊಡ್ಡದು. ಅದರ ಬಾಲವನ್ನೂ ಅದೇ ರೀತಿ ಕತ್ತರಿಸಿದ. ಕಳಿಸಿದ. ಯಂತ್ರದ ಫ್ಯಾನು ಗುಂಯ್ ಎಂದಿತು. ನಾವು ಕಾದೆವು. ಮ್ಯಾನೇಜರ್ ಸೆಂಟಿನ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ.

ನಿರಾಕರಿಸಲಾಗಿದೆ.

ವೈರಣ್ಣ ಒಂದು ಡಬ್ಬ ತೆರೆದು ತೋರಿಸಿದ. ಇನ್ನೊಂದು. ಎಲ್ಲೆಲ್ಲಿಂದಲೋ ಆರಿಸಿ ನಾನೇ ಹೇಳಿದ ಮತ್ತೊಂದು. ಆ ಗೋದಾಮಿನ ಕೋಳಿಗಳೆಲ್ಲ ನಮ್ಮ ಮುತ್ತಜ್ಜಂದಿರ ಕಾಲಕ್ಕೆ ಹೋಗಿ ಕೂತಿದ್ದವು.

ಪರದೆಯ ಮೇಲೆ ಎರಡೂ ಸಲ ಒಂದೇ ಪದ. ಒಂದರ ಕೆಳಗೆ ಏನೂ ಆಗಿರಲಿಲ್ಲ. ಇನ್ನೊಂದರ ಕೆಳಗೆ ಎಲ್ಲವೂ ಆಗಿತ್ತು.

“ನಿಮ್ಮ ಆದೇಶ ತಾನಾಗೇ ತುಂಡಾಗಲಿಲ್ಲ,” ಎಂದು ಮ್ಯಾನೇಜರನಿಗೆ ಹೇಳಿದೆ. “ಕೆಲಸ ಆಗ್ಬೇಕು, ಆಗಲಿಲ್ಲ ಅಂತ ದಾಖಲೆ ಇರ್ಬೇಕು. ಅದಕ್ಕೆ ಕತ್ತರಿಸಿದ್ದು. ಪಾಪ, ಅವಳು ಬಿಸಾಡೋಕೆ ಇಟ್ಟ ಡಬ್ಬ ತಾಜಾ ಅಂತ ಮಿಷನ್ ಹೇಳಿದ್ದು ನೋಡಿ, ಮಿಷನ್ನೇ ಮರೆತಿದೆ ಅಂದ್ಕೊಂಡು ಒಂದೊಂದಾಗಿ ಸರಿ ಮಾಡ್ತಾ ಕೂತ್ಲು. ದಾಖಲೇಲಿ ಉಳಿದಿದ್ದು ಅವಳ ಹೆಸರೊಂದೇ.”

“ಊಹೆ ಮೇಡಂ. ಬರೀ ಊಹೆ.”

“ಸರಿ ಮಾಡೋ ಮೊದಲು ಅವಳು ನಿಮಗೆ ಹೇಳಲಿಲ್ವಾ?”

ಅವನು ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡ.

“ಹೇಳಿದ್ರು ಮೇಡಂ,” ಅಂದ ಬಾಗಿಲಲ್ಲಿ ನಿಂತಿದ್ದ ಹಮಾಲಿ. ಅವನು ನಮ್ಮ ಹಿಂದೆಯೇ ಬಂದಿದ್ದು ನನಗೆ ಗೊತ್ತಾಗಿರಲಿಲ್ಲ. “ನನ್ನೆದುರಿಗೇ ಹೇಳಿದ್ರು. ‘ಭಾವ, ಕೊಳೆತಿದ್ದನ್ನ ತಾಜಾ ಅಂತ ತೋರಿಸ್ತಿದೆ’ ಅಂತ. ಇವರು, ‘ನಿನಗೆ ಯಾಕೆ ಬೇಕು, ಬಾಯಿ ಮುಚ್ಕೊಂಡು ಲೇಬಲ್ ಅಂಟಿಸು’ ಅಂದ್ರು.”

“ಏಯ್, ನಿನ್ನನ್ನ ಯಾರೋ ಕೇಳಿದ್ದು!”

“ಇದೇ ತಾನೇ ಇಲ್ಲಿ ಎಲ್ಲರ ತೊಂದರೆ,” ಎಂದೆ. “ನೀವು ವಾಸನೆ ನೋಡಿದ್ದೀರಿ. ಕರವಸ್ತ್ರಕ್ಕೆ ಸೆಂಟು ಹಾಕ್ಕೊಂಡು ಓಡಾಡಿದ್ದೀರಿ. ಅದನ್ನ ಮಕ್ಕಳ ತಟ್ಟೆಗೆ ಕಳಿಸಿದ್ದೀರಿ. ಆಮೇಲೆ ಮನೆ ಹುಡುಗಿಯ ತಲೆಗೆ ಕಟ್ಟಿದ್ದೀರಿ. ಉಗುರು ಮಾತ್ರ ಎಷ್ಟು ಚೆನ್ನಾಗಿ ಸ್ವಚ್ಛ ಮಾಡ್ಕೊಳ್ತೀರಿ!”

ಅವನ ತುಟಿಯ ಮೂಲೆಯಲ್ಲಿ ಬಿಸ್ಕತ್ತಿನ ಪುಡಿ ಹಾಗೇ ಇತ್ತು.

“ನನಗೆ ಅದನ್ನೆಲ್ಲ ಬರೆಯೋಕೇ ಬರಲ್ಲ ಮೇಡಂ,” ಅಂದ ಕೊನೆಗೆ. “ಸಿದ್ಧ ಮಾಡಿ ಕೊಟ್ಟದ್ದನ್ನ ಕಳಿಸಿದೆ ಅಷ್ಟೇ.”

“ಸಿದ್ಧ ಮಾಡಿದ್ದು ಯಾರು?”

ಆಗಲೇ ಗೋಡೆಯ ಪಕ್ಕದ ದೊಡ್ಡ ಯಂತ್ರದ ಫ್ಯಾನು ಗುಂಯ್‌ಗುಟ್ಟಲು ಶುರುವಾಯಿತು. ಅದು ಪರೀಕ್ಷೆಯದ್ದಲ್ಲ. ನಿಜವಾದದ್ದು.

ವೈರಣ್ಣ ಕುರ್ಚಿ ತಿರುಗಿಸಿದವನೇ ಪರದೆಗೆ ಮುಖ ಅಂಟಿಸಿದ. “ಮೇಡಂ, ಏನೋ ದೊಡ್ಡದು ಬರ್ತಾ ಇದೆ.”

“ಏನು ಮಾಡ್ತಿದೆ?”

“ಅಳಿಸ್ತಿದೆ. ಯಾವ ಡಬ್ಬ ಯಾವ ಶಾಲೆಗೆ ಹೋಯ್ತು ಅನ್ನೋದನ್ನ. ಒಂದೊಂದಾಗಿ ಓದ್ತಿದೆ, ಅಳಿಸ್ತಿದೆ.”

“ನಿಲ್ಸು!”

“ನಿಲ್ಸಿದ್ರೆ ಅಳಿಸಿ ಹೋದದ್ದು ವಾಪಸ್...”

“ಉಳಿದದ್ದಾದ್ರೂ ಉಳೀಲಿ! ಕೀಳು ಆ ವೈರು!”

ಅವನು ಗೋಡೆಯಿಂದ ಇಂಟರ್‌ನೆಟ್ ವೈರು ಕಿತ್ತ. ಫ್ಯಾನು ನಿಧಾನವಾಗಿ ಇಳಿಯಿತು. ಪರದೆಯ ಮೇಲೆ ಅದೇ ಪದ ಮೂಡಿತು: ನಿರಾಕರಿಸಲಾಗಿದೆ. ಇನ್ನೂ ಎಷ್ಟು ಶಾಲೆಗಳ ಅಡುಗೆಮನೆಯಲ್ಲಿ ಆ ಡಬ್ಬಗಳಿವೆ ಎಂದು ಹೇಳುವ ಸಾಲುಗಳು ಅರ್ಧ ಹೋಗಿದ್ದವು. ಯಾವ ಅರ್ಧ ಎಂಬುದೂ ಗೊತ್ತಿಲ್ಲ.

“ಯಾರ ಹೆಸರಲ್ಲಿ ಬಂತು?”

“ಸಾರ್ ಹೆಸರಲ್ಲಿ.”

ಮ್ಯಾನೇಜರ್ ಎರಡೂ ಕೈ ಮೇಲೆತ್ತಿದ. “ನಾನು ಇಲ್ಲೇ ಇದ್ದೀನಲ್ಲ ಮೇಡಂ! ನೋಡಿ ನನ್ನ ಕೈ! ನೀವೇ ಸಾಕ್ಷಿ! ಮನೆಯ ಕಂಪ್ಯೂಟರಿಂದ ಬಂದಿರ್ಬೇಕು, ಅಲ್ಲಿ ದೊಡ್ಡೋರು ಅಂತ ಇರೋದು ನನ್ನ ಹೆಂಡತಿ ಒಬ್ಬಳೇ!”

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೆ ಅರ್ಥವಾಯಿತು. ನಾದಿನಿಯನ್ನು ಒಪ್ಪಿಸಿದಷ್ಟೇ ಸಲೀಸಾಗಿ ಹೆಂಡತಿಯನ್ನೂ ಒಪ್ಪಿಸಿಬಿಟ್ಟಿದ್ದ. ಕೈಗಳು ಇನ್ನೂ ಮೇಲೆಯೇ ಇದ್ದವು.

“ವೈರಣ್ಣ,” ಎಂದೆ. “ಪಾರ್ಸರ್ ಬದಲಾಯಿಸು ಅಂತ ನಿನಗೆ ಹೇಳಿದ್ದು ಯಾರು?”

“ಆಗಿನ ಸ್ಟಾಕ್ ಕ್ಲರ್ಕ್. ದೊಡ್ಡ ಅಪ್‌ಡೇಟ್‌ಗಳೆಲ್ಲ ಅವರೇ ಬರೀತಿದ್ರು. ತುಂಬಾ ಚುರುಕು. ಬಾಲ ತುಂಡಾದ್ರೆ ಏನಾಗುತ್ತೆ ಅಂತ ಅವರೊಬ್ಬರಿಗೇ ನಾನು ಹೇಳಿದ್ದು.” ಅವನು ಮ್ಯಾನೇಜರನ ಕಡೆ ಗದ್ದದಿಂದ ಸನ್ನೆ ಮಾಡಿದ. “ಆಮೇಲೆ ಸಾರ್‌ನ ಮದುವೆ ಆಗಿ ಕೆಲಸ ಬಿಟ್ರು. ಈಗ ಅದೇನೋ, ಶಾಲೆಗಳಿಗೆ ಊಟ ಮಾಡಿ ಕಳಿಸೋ ಅಡುಗೆಮನೆ ನಡೆಸ್ತಾರಂತೆ.”

ನಾನು ಠಾಣೆಗೆ ಫೋನು ಮಾಡಿದೆ. ತುಂಬ ಹೊತ್ತು ರಿಂಗಾಯಿತು. ಕೊನೆಗೆ ಎತ್ತಿದ್ದು ಕಾನ್‌ಸ್ಟೇಬಲ್ ಅಲ್ಲ, ಹೆಂಗಸಿನ ಧ್ವನಿ.

“ಮೇಡಂ, ನಾನು. ಲೇಬಲ್.”

“ನೀನ್ಯಾಕೆ ಎತ್ತಿದೆ? ಕಾನ್‌ಸ್ಟೇಬಲ್ ಎಲ್ಲಿ?”

“ಹಿಂದಿನ ಬಚ್ಚಲಲ್ಲಿ ವಾಂತಿ ಮಾಡ್ಕೊಳ್ತಿದ್ದಾರೆ. ಡಬ್ಬಿ ಮುಟ್ಬೇಡಿ ಅಣ್ಣ ಅಂತ ಎಷ್ಟು ಹೇಳಿದೆ. ಸುಮ್ನೆ ಹಾಳಾಗುತ್ತೆ ಅಂತ ತಿಂದ್ಬಿಟ್ರು.”

“ನಿನಗೆ ಮೊದಲೇ ಗೊತ್ತಿತ್ತು.”

“ಅಕ್ಕ ಅದನ್ನ ಊಟಕ್ಕೆ ಅಂತ ತಂದಿದ್ದಲ್ಲ ಮೇಡಂ. ನನ್ನೆದುರಿಗೇ ಮುಚ್ಚಳ ತೆಗೆದು ವಾಸನೆ ತೋರಿಸಿ, ಮತ್ತೆ ಮುಚ್ಚಿಟ್ಲು. ‘ನಿನ್ನ ಮಗಳಿಗೂ ನಾನೇ ಅಡುಗೆ ಮಾಡೋದು, ನೆನಪಿರಲಿ’ ಅಂದ್ಲು. ಅಷ್ಟೇ ಅಂದಿದ್ದು.” ಅವಳ ಧ್ವನಿ ಗಟ್ಟಿಯಾಗಿಯೇ ಇತ್ತು. “ನಾನು ಯಾರಿಗೂ ಏನೂ ಹೇಳಿಲ್ಲ ಅಂತ ಅವಳಿಗೆ ಹೇಳಿ ಮೇಡಂ. ನೀವು ಏನೂ ಕಂಡುಹಿಡಿದಿಲ್ಲ ಅಂತ ಹೇಳಿ.”

ನಾನು ಮ್ಯಾನೇಜರನನ್ನು ನೋಡಿದೆ. ಅವನು ಕೈ ಇಳಿಸಿದ್ದ. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದ.

ಮೆಟ್ಟಿಲ ಮೇಲೆ, ನನ್ನ ಎದುರಿಗೇ, ಎಷ್ಟು ಮೆತ್ತಗೆ ಹೇಳಿದ್ದ.

ಮಗೂಗೆ ಊಟ ಹಾಕ್ಬಿಡು.